ಅಮಾವಾಸ್ಯೆಯ ಘಾಟು

ಮುಳಬಾಗಿಲು ಬಸ್ ನಿಲ್ದಾಣದ ಪಕ್ಕದಲ್ಲಿ ಇಡ್ಲಿ ಮಾರುವ ಆವಲಮ್ಮನ ಸಿಟ್ಟು ಮೂಗಿನ ತುದಿಯಲ್ಲಿ ನಿಲ್ಲುವಂಥದ್ದಲ್ಲ. ಹೊಟ್ಟೆಗಿಳಿದು ಬೂದಿ ಮುಚ್ಚಿದ ಕೆಂಡವಾಗಿ ಕೂರುತ್ತದೆ. ಪಕ್ಕದ ಮೊಬೈಲ್ ಅಂಗಡಿಯ ನರೇಶನಿಗೆ ಇದು ಗೊತ್ತಿರಲಿಲ್ಲ.

ನರೇಶ ಕದ್ದು ತರಿಸಿದ ಇ-ಸಿಗರೇಟು ಹಿಡಿದು, ನಿಲ್ದಾಣದ ಬೆಂಚಿನಲ್ಲಿ ಕೂತು ಮಾವಿನ ವಾಸನೆಯ ಹೊಗೆ ಬಿಡುತ್ತಿದ್ದ. ಅಂಗನವಾಡಿ ಬಿಟ್ಟ ಮೇಲೆ ಆವಲಮ್ಮನ ಮೊಮ್ಮಗಳು ಸುನಂದ ಕೂರುವುದೂ ಅದೇ ಬೆಂಚಿನಲ್ಲಿ. ಮಗುವಿಗೆ ಉಬ್ಬಸ. ಇಲ್ಲಿ ಸೇದಬೇಡವೆಂದು ಆವಲಮ್ಮ ಮೂರು ಸಲ ಹೇಳಿದ್ದಳು. ಅವನು ನಕ್ಕಿದ್ದ.

"ಇದು ಹೊಗೆಯಲ್ಲ ಆವಲಕ್ಕ, ಬರೀ ಆವಿ. ನಿನ್ನ ಇಡ್ಲಿ ಪಾತ್ರೇಲಿ ಬರಲ್ವಾ?"

ಹೋದ ವಾರ ಅದೇ ಬೆಂಚಿನಲ್ಲಿ ಮಗುವಿನ ಉಸಿರು ಕಟ್ಟಿತು. ಕೋಲಾರದ ಆಸ್ಪತ್ರೆಯವರೆಗೂ ಅಜ್ಜಿಯ ಸೆರಗು ಹಿಡಿದು, ಬಾಯಿ ತೆರೆದು, ತುಟಿ ನೀಲಿಗಟ್ಟಿ ಕೂತಿತ್ತು. ಆ ಆವಿಯಲ್ಲೂ ನಿಕೋಟಿನ್ ಇರುತ್ತದೆ, ಸೇದದವರ ಎದೆಗೂ ಇಳಿಯುತ್ತದೆ, ಉಬ್ಬಸದ ಮಗುವಿನ ಹತ್ತಿರ ಸುಳಿಯಲೇಬಾರದು ಎಂದರು ಡಾಕ್ಟರು. ಅದನ್ನೂ ಬಂದು ಹೇಳಿದಳು. ನರೇಶ ಅವಳ ಮುಖದ ಮುಂದೆಯೇ ಒಂದು ದಮ್ಮು ಎಳೆದ.

ಆ ಸಾಲಿನ ಅಂಗಡಿಗಳಿಗೆಲ್ಲ ಅಮಾವಾಸ್ಯೆಗೆ ದೃಷ್ಟಿ ತೆಗೆಯುವವಳು ಆವಲಮ್ಮನೇ. ನಿವಾಳಿಸಿದ ಮೆಣಸಿನಕಾಯಿ ಕೆಂಡಕ್ಕೆ ಬಿದ್ದಾಗ ಘಾಟು ಬರದಿದ್ದರೆ ದೃಷ್ಟಿಯಾಗಿದೆ ಎಂದರ್ಥ. ವ್ಯಾಪಾರ ಬಿದ್ದುಹೋಗಿದ್ದ ನರೇಶ ತಾನಾಗಿಯೇ ಬಂದು ಕರೆದ. ಆವಲಮ್ಮ ಮೊದಲು ಮಗುವನ್ನು ಗೌನಿಪಲ್ಲಿಯ ತಂಗಿ ಮನೆಗೆ ಕಳಿಸಿದಳು. ಆಮೇಲೆ ಐದು ಕಾಯಿ ಸಾಕಾಗುವ ಕಡೆ ಎರಡು ಹಿಡಿ ಗುಂಟೂರು ಮೆಣಸಿನಕಾಯಿ ತೆಗೆದುಕೊಂಡಳು.

ದೃಷ್ಟಿ ದಾರಿಹೋಕರ ಮೇಲೆ ಬೀಳಬಾರದು ಎಂದು ಅವಳು ಹೇಳಿದಾಗ ಅಂಗಡಿಯ ಷಟರ್ ಎಳೆದವನೂ ಅವನೇ. ಕೆಂಡ ಚಟಪಟ ಎಂದಿತು. ನರೇಶ ಕೆಮ್ಮಿದ, ಕಣ್ಣುಜ್ಜಿದ, ಎದ್ದ. ಮಧ್ಯೆ ಎದ್ದರೆ ದೃಷ್ಟಿ ಎರಡರಷ್ಟಾಗಿ ತಿರುಗಿ ಬಡಿಯುತ್ತದೆ ಎಂದು, ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡಿದ್ದ ಆವಲಮ್ಮ ಕೂರಿಸಿದಳು. ಅವನು ಅವಳ ಸೆರಗು ಹಿಡಿದುಕೊಂಡ. ಬಾಯಿ ತೆರೆದೇ ಇತ್ತು. ನಿಜ ಹೇಳಬೇಕೆಂದರೆ ಆವಲಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಷಟರ್ ತೆಗಿಯಕ್ಕ, ಸತ್ತೋಗ್ತೀನಿ."

"ಮಗು ಕೋಲಾರದವರ್ಗೂ ಹಿಂಗೇ ಕೂತಿತ್ತು ಕಣೋ. ಅದಕ್ಕೆ ಕೇಳೋಕೂ ಉಸಿರಿರ್ಲಿಲ್ಲ."

ಇನ್ನೂ ಸ್ವಲ್ಪ ಹೊತ್ತು ಕೂರಿಸಿಯೇ ಷಟರ್ ಎತ್ತಿದಳು. ನರೇಶ ಓಡಿಹೋಗಿ, ಮಗು ಕೂರುವ ಬೆಂಚಿನ ಮೇಲೇ ಬಿದ್ದುಕೊಂಡ. ಜನ ಸೇರಿದರು. ದೃಷ್ಟಿಯೇನೂ ಇಲ್ಲ, ಘಾಟು ಚೆನ್ನಾಗಿಯೇ ಬಂತು ಎಂದು ಆವಲಮ್ಮ ಎಲ್ಲರಿಗೂ ಹೇಳಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿದಳು.

"ಇನ್ಮೇಲೆ ಇಲ್ಲಿ ಮಾವಿನ ವಾಸನೆ ಬಂದ ದಿನಾನೇ ನಿಂಗೆ ಅಮಾವಾಸ್ಯೆ."