ಬಿಕ್ಕಲಂ ದಾಕ್ಷಾಯಣಿ

ಮುದ್ರೆ ಒತ್ತುವ ಅರಗು ಕರಗುವ ವಾಸನೆ ಬಂದರೆ ನನಗೆ ಅಪ್ಪನ ನೆನಪು. ಗುಬ್ಬಿಯಲ್ಲಿ ಆಸ್ತಿಯ ಕ್ರಯಪತ್ರ, ಕರಾರುಪತ್ರ ಬರೆಯುತ್ತಿದ್ದ ಅವರ ಬಾಯಲ್ಲೇ ‘ಪರಭಾರೆ’ ಎಂಬ ಮಾತು ಮೊದಲು ಕೇಳಿದ್ದು. ನಮ್ಮದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಎಂದು ಅದರ ಅರ್ಥ. ತುಮಕೂರಿನಲ್ಲಿ ಬಿ.ಎ. ಓದಿ ಟೀಚರಾದ ಮೇಲೆ ಮೂಲಭೂತ ಹಕ್ಕುಗಳ ಪಾಠಕ್ಕೆ ಅದೇ ಮಾತು ಒದಗಿತು. “ಇವು ಪರಭಾರೆ ಮಾಡಲಾಗದ ಹಕ್ಕುಗಳು. ಯಾರೂ ಕಿತ್ಕೊಳ್ಳೋ ಹಾಗಿಲ್ಲ. ನೀವೇ ಬರ್ಕೊಟ್ರೂ ಹೋಗಲ್ಲ.” ಮೂವತ್ತು ವರ್ಷ ಹೇಳಿದೆ.

ಈಗ ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದಡಿ ಕೂತು, ಕೇಳಿದವರಿಗೆ ಅರ್ಜಿ ಬರೆದುಕೊಡುತ್ತೇನೆ. ಸೋಮವಾರ ಸಿ.ಎಸ್. ಪುರದ ಕಡೆಯಿಂದ ಗಂಗಹನುಮಯ್ಯ ಬಂದರು, ಜೊತೆಗೆ ಮೊಮ್ಮಗಳು ಮಂಗಳಗೌರಿ.

“ಒಂದು ಮುಚ್ಚಳಿಕೆ ಬರ್ಕೊಡಿ ಅಮ್ಮಾರೆ. ಇವ್ಳು ಮಾರಮ್ಮನ ಗುಡಿ ಒಳಕ್ಕೆ ಹೋಗ್ಬುಟ್ಟವ್ಳೆ. ನಮ್ ಕೇರಿಯೋರು ಯಾರೂ ಇನ್ಮೇಲೆ ಹೊಸ್ತಿಲು ತುಳಿಯಲ್ಲ ಅಂತ ನಾಳೆಯೊಳಗೆ ಬರ್ಕೊಡ್ದಿದ್ರೆ ಮೇಲ್ಜಾತಿಯೋರು ಅಂಗಡೀಲಿ ಸಾಮಾನು ಕೊಡಲ್ವಂತೆ.”

“ನಾನು ಸೈನ್ ಹಾಕಲ್ಲ ತಾತ.”

“ಹಾಕ್ಬೇಡ. ರಾತ್ರಿಕೆ ದೇವ್ರ ಫೋಟೊ ಬೇಯಿಸ್ಕೊಂಡು ತಿನ್ನು.”

“ಇಂಥದ್ದನ್ನೆಲ್ಲ ನಾನು ಬರೆಯೋದಿಲ್ಲ,” ಎಂದೆ, ಕೊಂಚ ಗಟ್ಟಿಯಾಗಿಯೇ.

ಅವರಿಗೆ ಆಶ್ಚರ್ಯವಾಯಿತು. “ಹೋದ್ಸಾರಿ ಬರ್ದಿದ್ರಲ್ಲ?” ಎಂದು ಚೀಲದಿಂದ ಒಂದು ಜೆರಾಕ್ಸ್ ತೆಗೆದರು.

‘ನಮ್ಮ ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ದೇವಸ್ಥಾನದ ಪ್ರವೇಶವನ್ನು ಬಿಟ್ಟುಕೊಟ್ಟಿರುತ್ತೇವೆ.’ ದುಂಡಗಿನ ಅಕ್ಷರ. ೧೯೯೮ನೇ ಇಸವಿ. ಕೊನೆಯಲ್ಲಿ, ಬರೆದವರ ಹೆಸರಿನ ಜಾಗದಲ್ಲಿ, ‘ಬಿಕ್ಕಲಂ ದಾಕ್ಷಾಯಣಿ’. ಪತ್ರ ಬರೆದವರು ‘ಬಿಕ್ಕಲಂ’ ಎಂದು ಹೆಸರು ಹಾಕುವುದು ರೂಢಿ; ಹೆಸರು ನನ್ನದು.

ಗುಡಿಯ ಗಲಾಟೆ ನಿಲ್ಲಲಿ, ಬರೆದುಕೊಡು ಎಂದು ಅಪ್ಪ ಹೇಳಿದ್ದರು. ಬೆಳಿಗ್ಗೆ ಅದನ್ನು ಬರೆದಿಟ್ಟು, ಹತ್ತು ಗಂಟೆಗೆ ಪಾಠ ಮಾಡಲು ಹೋಗಿದ್ದೆ. ಆಮೇಲೆ ಒಂದು ದಿನವೂ ನೆನಪಾಗಿರಲಿಲ್ಲ.

“ಏನ್ ಚೆನ್ನಾಗಿ ಬರ್ದವ್ರೆ ಅಂತ ಕುಣಿಗಲ್ ಕಡೆಯೋರೂ ಜೆರಾಕ್ಸ್ ತಗೊಂಡೋದ್ರು,” ಎಂದು ಗಂಗಹನುಮಯ್ಯ ಹೊಗಳಿದರು.

ಮಂಗಳಗೌರಿ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಪಕ್ಕದಲ್ಲಿಟ್ಟಳು.

“ಮಿಸ್, ನಮ್ಮಮ್ಮ ನಿಮ್ ಕ್ಲಾಸಲ್ಲೇ ಓದಿದ್ದು. ಬರ್ಕೊಟ್ರೂ ಹೋಗಲ್ಲ ಅಂತಿದ್ರಂತೆ. ಹಂಗಾದ್ರೆ ಇದ್ರಿಂದ ಏನೂ ಹೋಗಿಲ್ಲ ತಾನೇ?”

“ಹೋಗಿಲ್ಲ ಕಣಮ್ಮ.”

ತಹಶೀಲ್ದಾರರಿಗೆ ದೂರು ಬರೆದೆ. ಅಂಗಡಿಯ ಬೆದರಿಕೆ, ಗುಡಿಯ ಬಾಗಿಲು, ಎಲ್ಲವನ್ನೂ ಬರೆದೆ. ಜೆರಾಕ್ಸ್ ಲಗತ್ತಿಸಿ, ‘ಇದನ್ನು ಬರೆದವಳು ನಾನೇ, ಬರೆಯಬಾರದಿತ್ತು’ ಎಂದೂ ಸೇರಿಸಿ, ಕೊನೆಯಲ್ಲಿ ಮತ್ತೆ ಬಿಕ್ಕಲಂ ಹಾಕಿದೆ. ಮಂಗಳಗೌರಿ ಕೂಡಲೇ ಸೈನ್ ಮಾಡಿದಳು. ಗಂಗಹನುಮಯ್ಯ ತುಂಬ ಹೊತ್ತು ಹಾಳೆ ಹಿಡಿದುಕೊಂಡೇ ಕೂತಿದ್ದರು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ, ರುಜು ಹಾಕಿದರು.

ಹುಡುಗಿ ದೂರು ಕೊಡಲು ಒಳಗೆ ಹೋದಳು. ಊಟದ ಹೊತ್ತು ಮೀರಿತ್ತು. ತಪ್ಪಾಯಿತು ಎಂದು ಅವರಿಗೆ ನಾನಿನ್ನೂ ಹೇಳಿರಲಿಲ್ಲ. ಗಂಗಹನುಮಯ್ಯ ಬಟ್ಟೆಯ ಗಂಟು ಬಿಚ್ಚಿದರು. ಡಬ್ಬಿಯ ಮುಚ್ಚಳದಲ್ಲಿ ಅರ್ಧ ಮುದ್ದೆ ಮುರಿದಿಟ್ಟು, ಸೊಪ್ಪಿನ ಸಾರು ಬಿಟ್ಟು, ನನ್ನ ಕೈಗೆ ಕೊಟ್ಟರು.