ಹುಳದ ಮನೆಯ ಉಸಿರು

"ಇದ್ರಲ್ಲಿ ಏನ್ ತುಂಬಿ ಕೊಟ್ರಿ ಸಾಮಿ? ಬರೀ ಗಾಳೀನಾ?"

ಮುನಿಗಂಗಮ್ಮ ಸೆರಗಿನ ಗಂಟು ಬಿಚ್ಚಿ, ಉಬ್ಬಸಕ್ಕೆ ಎಳೆದುಕೊಳ್ಳುವ ಬೆರಳುದ್ದದ ಆ ನೀಲಿ ಪಂಪನ್ನು ಔಷಧಿ ಅಂಗಡಿಯ ಗಾಜಿನ ಮೇಲೆ ಕುಕ್ಕಿದಳು. ಗಾಜು ಒಡೆಯಲಿಲ್ಲ, ಆದರೆ ಅಂಗಡಿಯ ಮುಂದೆ ನಿಂತಿದ್ದ ನಾಲ್ಕೈದು ಜನ ಒಟ್ಟಿಗೆ ತಿರುಗಿ ನೋಡಿದರು. ಕೋಲಾರದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಆ ಅಂಗಡಿಯಲ್ಲಿ ಬೆಳಗಿನ ಹತ್ತು ಗಂಟೆಗೆ ಯಾವಾಗಲೂ ಜನ.

ಅಶ್ವತ್ಥಪ್ಪನವರು ಮಾತ್ರೆ ಪೊಟ್ಟಣದ ಮೇಲೆ ಸೂರ್ಯನನ್ನು ಬರೆಯುತ್ತಿದ್ದರು. ಓದು ಬಾರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡುವುದು ಅವರ ಪದ್ಧತಿ. ಸೂರ್ಯನಿಗೆ ಇನ್ನೆರಡು ಕಿರಣ ಬಾಕಿಯಿದ್ದವು. ಅದನ್ನು ಮುಗಿಸಿ, ಪೊಟ್ಟಣವನ್ನು ಕಾದಿದ್ದ ಮುದುಕನ ಕೈಗಿತ್ತು, ಕನ್ನಡಕದ ಮೇಲಿಂದ ಇವಳನ್ನು ನೋಡಿದರು.

"ಹುತ್ತೂರು ಕಡೆಯವರಲ್ವಾ ತಾಯಿ? ಸೊಸೆ ಜತೆ ಬಂದಿದ್ರಿ."

"ಆ ಸೊಸೇನೇ ಈಗ ದೊಡ್ಡಾಸ್ಪತ್ರೇಲಿ ಮೂಗಿಗೆ ನಳಿಗೆ ಇಟ್ಕೊಂಡು ಮಲಗವ್ಳೆ. ನಿನ್ನೆ ಬೆಳಿಗ್ಗೆ ರೇಷ್ಮೆ ಹುಳದ ತಟ್ಟೆ ಮುಂದೇನೇ ಕುಸಿದುಬಿದ್ಲು. ತುಟಿ ನೇರಳೆ ಹಣ್ಣಿನಂಗೆ ಆಗೋಗಿತ್ತು. ಹಾಲಿನ ವ್ಯಾನಲ್ಲಿ ಹಾಕ್ಕೊಂಡು ಬಂದ್ವಿ. ಮೂರು ತಿಂಗಳಿಂದ ನಿಮ್ಮ ಪಂಪು ಮನೇಲೇ ಐತೆ. ಏನ್ ಕಡಿದು ಕಟ್ಟೆ ಹಾಕ್ತು ಇದು?"

"ಎಲ್ಲಾ ಕಲಬೆರಕೆ ಕಣಮ್ಮೋ ಈಗ. ಹಾಲಿಗೆ ನೀರು, ಔಷಧಿಗೆ ಗಾಳಿ," ಎಂದು ಹಿಂದೆ ನಿಂತಿದ್ದವನೊಬ್ಬ ಒಗ್ಗರಣೆ ಹಾಕಿದ. ಯಾರೋ ಕಿಸಕ್ಕನೆ ನಕ್ಕರು.

ಅಶ್ವತ್ಥಪ್ಪನವರಿಗೆ ಸಿಟ್ಟು ಬರಲಿಲ್ಲ. ಅಡ್ಡಹಲಗೆ ಎತ್ತಿ ಅವಳನ್ನು ಒಳಗೆ ಕರೆದರು. ಅಲ್ಲಿ ಫ್ಯಾನಿನ ಕೆಳಗೆ ಒಂದು ಸ್ಟೂಲಿತ್ತು. ಉಬ್ಬಸದವರು ನಿಂತು ಮಾತಾಡಲಾರರು ಎಂದು ಅವರಿಗಾಗಿಯೇ ಹಾಕಿಸಿಟ್ಟ ಸ್ಟೂಲು. ಮೂರು ತಿಂಗಳ ಹಿಂದೆ ಅವಳ ಸೊಸೆ ಶ್ಯಾಮಲ ಕೂತಿದ್ದೂ ಅದರ ಮೇಲೆಯೇ. ಅವಳ ಏದುಸಿರು ಇಳಿಯುವವರೆಗೆ ಕಾದು, ಖಾಲಿ ಪಂಪೊಂದನ್ನು ಕೈಗೆ ಕೊಟ್ಟು, ಕುಲುಕುವುದು ಹೇಗೆ, ಉಸಿರು ಪೂರ್ತಿ ಬಿಟ್ಟು ಒತ್ತುತ್ತಲೇ ಒಳಗೆ ಎಳೆಯುವುದು ಹೇಗೆ, ಎಳೆದ ಮೇಲೆ ಹತ್ತು ಎಣಿಸುವವರೆಗೆ ಹಿಡಿದುಕೊಳ್ಳುವುದು ಹೇಗೆ ಎಂದು ಐದು ಸಲ ಮಾಡಿಸಿದ್ದರು. ಮುನಿಗಂಗಮ್ಮ ಆಗ ಹೊರಗೆ ನಿಂತು, ಹುಳಕ್ಕೆ ಸೊಪ್ಪಿನ ಹೊತ್ತಾಯಿತೆಂದು ಬಸ್ಸಿನ ದಾರಿ ನೋಡುತ್ತಿದ್ದಳು.

"ಕೂತ್ಕೊಳ್ಳಿ."

"ನಂಗೇನ್ ಉಬ್ಬಸ ಇಲ್ಲ."

"ಉಬ್ಬಸ ಇಲ್ದಿದ್ರೂ ಕಾಲಿದೆಯಲ್ಲ ತಾಯಿ. ಆಸ್ಪತ್ರೆಯಿಂದ ನಡ್ಕೊಂಡು ಬಂದಿದ್ದೀರಿ."

ಅವಳು ಕೂತಳು. ಅಶ್ವತ್ಥಪ್ಪನವರು ಪಂಪಿನೊಳಗಿಂದ ಸಣ್ಣ ಲೋಹದ ಡಬ್ಬಿಯನ್ನು ಹೊರಗೆಳೆದರು. ಗಾಜಿನ ಲೋಟಕ್ಕೆ ನೀರು ಬಗ್ಗಿಸಿ ಅದನ್ನು ಮೆಲ್ಲಗೆ ಒಳಗೆ ಬಿಟ್ಟರು. ಡಬ್ಬಿ ಸೀದಾ ಕೆಳಗಿಳಿದು, ತಳಕ್ಕೆ ತಾಕಿ ಟಣ್ ಎಂದು ಸದ್ದು ಮಾಡಿ, ಅಲ್ಲೇ ನಿಂತಿತು.

ಅಶ್ವತ್ಥಪ್ಪನವರ ಮುಖದ ಬಣ್ಣ ಇಳಿಯಿತು. ಮೇಜಿನ ಖಾನೆಯಿಂದ ಅಂಥದೇ ಇನ್ನೊಂದು ಡಬ್ಬಿ ತೆಗೆದು ಇನ್ನೊಂದು ಲೋಟದಲ್ಲಿ ಬಿಟ್ಟರು. ಅದು ಮುಳುಗಲಿಲ್ಲ. ಅಡ್ಡಬಿದ್ದು ತೇಲಾಡಿತು.

"ತೇಲ್ತಾ ಇರೋದು ಖಾಲಿ ಆಗಿದ್ದು," ಎಂದರು. "ನಿಮ್ದು ತುಂಬಿದೆ. ಬಾಯಿಡೋ ಜಾಗ ನೋಡಿ, ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ಅಮ್ಮಾ, ನಿಮ್ಮ ಸೊಸೆ ಇದನ್ನ ಎಳ್ದೇ ಇಲ್ಲ."

ಒಗ್ಗರಣೆ ಹಾಕಿದ್ದವನು ಲೋಟ ನೋಡಲು ಮುಂದಕ್ಕೆ ಬಾಗಿದ. ಮುನಿಗಂಗಮ್ಮ ಮೊದಲನೆಯ ಲೋಟವನ್ನೇ ನೋಡಿದಳು. "ಎಳ್ದಿಲ್ಲ ಅಂದ್ರೆ?" ಎಂದಳು. "ಅವ್ಳ ತಲೆದಿಂಬಿನ ಕೆಳಗೇ ಇತ್ತಲ್ಲ. ದಿನಾ ಅದನ್ನ ಎತ್ತಿಟ್ಟು ಹಾಸಿಗೆ ಮಡಚ್ತಿದ್ಲು. ನಾನೇ ನೋಡಿದೀನಿ."

"ಉಬ್ಬಸ ಬಂದಾಗ ಏನ್ ಮಾಡ್ತಿದ್ಲು?"

"ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಿರ್ತಿದ್ಲು. ಬಗ್ಗಿಕೊಂಡು. ಆಮೇಲೆ ಬಂದು ಮತ್ತೆ ಕೆಲ್ಸ..."

ಅಷ್ಟು ಹೇಳುವಾಗಲೇ ಅವಳಿಗೆ ತನ್ನ ದನಿಯೇ ಕೇಳಿಸಿತು. ಈಗಿನದಲ್ಲ, ಮೂರು ತಿಂಗಳ ಹಿಂದಿನದು. ಪಂಪು ತಂದ ಸಂಜೆ ಶ್ಯಾಮಲ ಅದನ್ನು ಕೈಯಲ್ಲಿ ಹಿಡಿದು ಹೊಸ್ತಿಲು ದಾಟುತ್ತಿದ್ದಳು. ಒಳಗೆ ನಡುಮನೆಯ ತುಂಬ ಅಟ್ಟಣೆ, ಅಟ್ಟಣೆಯ ತುಂಬ ತಟ್ಟೆ, ಹುಳ ಪೊರೆ ಕಳಚುವ ಎರಡನೇ ಜ್ವರದಲ್ಲಿದ್ದವು. ಹುಳ ಸಾಕುವ ಮನೆಯಲ್ಲಿ ಊದಿನಕಡ್ಡಿ ಹಚ್ಚುವುದಿಲ್ಲ, ಬೀಡಿ ಸೇದುವುದಿಲ್ಲ, ಮುಖಕ್ಕೆ ಪೌಡರು ಬಳಿದುಕೊಂಡವರನ್ನು ಒಳಗೆ ಬಿಡುವುದಿಲ್ಲ. ಹಿಂದಿನ ವರ್ಷ ಪಕ್ಕದವರು ಟೊಮೇಟೊ ತೋಟಕ್ಕೆ ಔಷಧಿ ಹೊಡೆದಾಗ, ಅದರ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಾಕಿ, ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಂದಿದ್ದ ಹುಳವೆಲ್ಲ ಹಸಿರು ನೀರು ಕಾರಿಕೊಂಡು ಸತ್ತಿದ್ದವು. ನಲವತ್ತು ತಟ್ಟೆಯನ್ನೂ ತಿಪ್ಪೆಗೆ ಸುರಿದಿದ್ದರು. ಆ ನೆನಪಿನಲ್ಲಿ, ಕೈಯಲ್ಲಿದ್ದ ಸೊಪ್ಪಿನ ಕುಕ್ಕೆಯನ್ನು ಕೆಳಗಿಡದೆ, ಸೊಸೆಯ ಮುಖವನ್ನೂ ನೋಡದೆ ಮುನಿಗಂಗಮ್ಮ ಹೇಳಿದ್ದಳು: "ಅಮ್ಮಾಯಿ, ಅದನ್ನ ಹೊಡ್ಕೊಂಡ ಬಾಯಲ್ಲಿ ಹುಳದ ಮೇಲೆ ಉಸಿರು ಬಿಡಬೇಡ."

ಒಂದೇ ಸಲ ಹೇಳಿದ ಮಾತು. ಆಮೇಲೆ ಮರೆತೂಬಿಟ್ಟಿದ್ದಳು.

ಮಲಗುವುದು, ಉಣ್ಣುವುದು ಎಲ್ಲ ಅದೇ ನಡುಮನೆಯಲ್ಲಿ. ಒಂದು ಬೆಳೆಯ ಗೂಡು ಬಿಡಿಸುವಷ್ಟರಲ್ಲಿ ಇನ್ನೊಂದರ ಮೊಟ್ಟೆ ಬಂದಿರುತ್ತದೆ. ಹಿತ್ತಲಲ್ಲಿ ಎಳೆದುಕೊಂಡರೂ ಅದೇ ಬಾಯಲ್ಲಿ ಮತ್ತೆ ಹುಳದ ಹತ್ತಿರಕ್ಕೇ ಬರಬೇಕು. ಹಾಗಾದರೆ ಆ ಹುಡುಗಿ ಬಾಯಿಗೆ ಪಂಪಿಡುವುದಾದರೂ ಯಾವಾಗ?

"ಅಯ್ಯೋ ದೇವುಡಾ," ಎಂದಳು ಮುನಿಗಂಗಮ್ಮ. ಅವಳ ಕೈ ತಾನಾಗಿಯೇ ಬಾಯಿ ಮುಚ್ಚಿತು. "ನಾನೇ ಸಾಮಿ. ನಾನೇ ಉಸಿರು ಬಿಡಬೇಡ ಅಂದೆ."

ಅಶ್ವತ್ಥಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಮುಳುಗಿದ್ದ ಡಬ್ಬಿಯನ್ನು ತೆಗೆದು ಒರೆಸಿ, ಪಂಪಿಗೆ ಹಾಕಿ ಅವಳ ಕೈಗಿತ್ತರು.

"ತಪ್ಪು ನನ್ದೂ ಇದೆ ತಾಯಿ," ಎಂದರು. "ಎರಡನೇದು ತಗೊಳ್ಳೋಕೆ ಇಷ್ಟೊತ್ತಿಗೆ ಬರ್ಬೇಕಾಗಿತ್ತು. ಬರ್ಲಿಲ್ಲ. ಗುಣ ಆಗಿರ್ಬೇಕು ಅಂದ್ಕೊಂಡು ಸುಮ್ಮನಾದೆ. ಹೇಗೆ ಎಳ್ಕೋಬೇಕು ಅಂತ ಕಲಿಸ್ದೆ, ಮನೇಲಿ ಎಳ್ಕೊಳ್ಳೋಕೆ ಜಾಗ ಇದೆಯಾ ಅಂತ ಕೇಳ್ಲಿಲ್ಲ. ತಟ್ಟೆ ಹಿಕ್ಕೆ ಯಾರು ತೆಗೀತಾರೆ?"

"ಅವ್ಳೇ. ಚುರುಕಾಗಿ ತೆಗೀತಾಳೆ ಅಂತ."

"ಇನ್ಮೇಲೆ ಬೇಡ. ಆ ಧೂಳೇ ಅವಳಿಗೆ ಶತ್ರು. ಹಿಕ್ಕೆ ತೆಗೆಯೋವಾಗ ಅವಳು ಮನೆಯಿಂದ ಹೊರಗಿರ್ಲಿ."

ಮುನಿಗಂಗಮ್ಮ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಈ ಔಷಧಿಗೆ ಹುಳ ಸಾಯ್ತಾವಾ ಸಾಮಿ?"

ಇಲ್ಲ ಎಂದುಬಿಟ್ಟಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೆ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

"ನಾನು ಹುಳ ಸಾಕಿದವನಲ್ಲ. ಗೊತ್ತಿಲ್ದೆ ಹೇಳ್ಬಾರದು. ಇದನ್ನ ಎಳೀದಿದ್ರೆ ನಿಮ್ಮ ಸೊಸೆಗೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತು."

ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದು, ಕಾದಿದ್ದವರಿಗೆ "ಅರ್ಧ ಗಂಟೆ, ಬಂದೆ" ಎಂದು ಹೇಳಿ, ಅವರೂ ಅವಳ ಜತೆ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಅವಳ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಂಡರು.

ವಾರ್ಡಿನಲ್ಲಿ ಮಗ ಕದಿರೇಶ ಮಂಚದ ಕಾಲಿಗೊರಗಿ ತೂಕಡಿಸುತ್ತಿದ್ದ. ಶ್ಯಾಮಲ ಎಚ್ಚರವಿದ್ದಳು. ಮೂಗಿನ ನಳಿಗೆ ತೆಗೆದಿದ್ದರು. ಅತ್ತೆಯನ್ನು ಕಂಡದ್ದೇ ಏಳಲು ಹೋದಳು.

"ಅತ್ತಮ್ಮಾ, ಹುಳಕ್ಕೆ ಸೊಪ್ಪು ಹಾಕಿದ್ರಾ?"

"ಎದುರುಮನೆ ಭಾರತಮ್ಮ ಹಾಕ್ತಾಳೆ ಬಿಡು. ನೀನು ಮಲಗು." ಮುನಿಗಂಗಮ್ಮ ಅವಳ ಭುಜ ಒತ್ತಿ ಮಲಗಿಸಿದಳು. "ಯಾಕ್ ಹಿಂಗ್ ಮಾಡ್ದೆ ಅಮ್ಮಾಯಿ? ಗದ್ದಲ ಮಾಡ್ಬಾರದಾಗಿತ್ತಾ? ನನ್ ಬಾಯಿಗೆ ಬೆಂಕಿ ಬೀಳ ಅಂತ ಬಯ್ಬಾರದಾಗಿತ್ತಾ?"

ಶ್ಯಾಮಲ ಅತ್ತೆಯ ಕೈಲಿದ್ದ ಪಂಪನ್ನು ನೋಡಿದಳು. ಯಾರದೋ ವಸ್ತುವನ್ನು ಕದ್ದು ಸಿಕ್ಕಿಬಿದ್ದವಳಂತೆ ಕಣ್ಣು ತಗ್ಗಿಸಿದಳು.

"ಹೋದ್ಸಲ ತಟ್ಟೆ ತಿಪ್ಪೆಗೆ ಹಾಕಿದಾಗ," ಎಂದಳು, ಎರಡು ಮಾತಿಗೊಮ್ಮೆ ನಿಂತು, "ನೀವು ಮೂರು ದಿನ... ಊಟ ಬಿಟ್ರಿ. ಇನ್ನೊಂದ್ಸಲ ಅದನ್ನ... ನೋಡೋಕಾಗ್ತಿರ್ಲಿಲ್ಲ ಅತ್ತಮ್ಮ."

ಮುನಿಗಂಗಮ್ಮ ಸೊಸೆಯ ಮುಖ ನೋಡುತ್ತಾ ನಿಂತುಬಿಟ್ಟಳು. ಹಂಗಿಸಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತಿಗೆ ಅವಳು ತಯಾರಾಗಿ ಬಂದಿರಲಿಲ್ಲ.

ಅಶ್ವತ್ಥಪ್ಪನವರೇ ಮುಂದೆ ಬಂದು, "ಈಗ ನಂಗೆ ಒಂದ್ಸಲ ಮಾಡಿ ತೋರ್ಸಮ್ಮ. ಮರ್ತಿದ್ದೀಯೋ ಏನೋ," ಎಂದು ಅಂಗಡಿಯಿಂದ ತಂದಿದ್ದ ಖಾಲಿ ಪಂಪನ್ನು ಕೊಟ್ಟರು. ಶ್ಯಾಮಲ ಎಳೆದಳು. ಹತ್ತರವರೆಗೆ ಹಿಡಿಯಲಾಗದೆ ನಾಲ್ಕಕ್ಕೇ ಬಿಟ್ಟಳು. "ನೀವು ಎಣಿಸಿ ತಾಯಿ," ಎಂದರು ಮುನಿಗಂಗಮ್ಮನ ಕಡೆ ತಿರುಗಿ. "ಜತೆಗೆ ಒಬ್ರು ಎಣಿಸಿದ್ರೆ ಹಿಡಿಯೋದು ಸುಲಭ. ಇನ್ಮೇಲೆ ಅದು ನಿಮ್ಮ ಕೆಲ್ಸ."

ನಾಲ್ಕು ದಿನ ಕಳೆದು ಶ್ಯಾಮಲ ಮನೆಗೆ ಬಂದಳು. ಹುಳ ನಾಲ್ಕನೇ ಜ್ವರದಿಂದ ಆಗತಾನೇ ಎದ್ದಿದ್ದವು. ಇನ್ನೊಂದು ವಾರ ತಿಂದರೆ ಗೂಡು ಕಟ್ಟಲು ಚಂದ್ರಿಕೆಗೆ ಹತ್ತುವ ಹುಳ. ಕೆಡುವುದಿದ್ದರೆ ಕೆಡುವುದೂ ಈ ವಾರದಲ್ಲೇ. ಮುನಿಗಂಗಮ್ಮ ನಸುಕಿಗೇ ಎದ್ದು, ಸೊಸೆಯನ್ನು ಭಾರತಮ್ಮನ ಜಗಲಿಗೆ ಕಳಿಸಿ, ಎಲ್ಲ ತಟ್ಟೆಯ ಹಿಕ್ಕೆಯನ್ನೂ ತಾನೇ ತೆಗೆದು, ನೆಲ ಒರೆಸಿ, ಆಮೇಲೆ ಕರೆದಳು.

ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ಶ್ಯಾಮಲಳ ಎದೆ ಸಣ್ಣಗೆ ಸಿಳ್ಳೆ ಹಾಕತೊಡಗಿತು. ಅವಳು ಕೈಯಲ್ಲಿದ್ದ ಎಲೆಗಳನ್ನು ಹಾಕಿ, ದಿಂಬಿನ ಕೆಳಗಿಂದ ಪಂಪು ತೆಗೆದು, ಅದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿತ್ತಲ ಬಾಗಿಲಿಗೆ ನಡೆದಳು.

"ಎಲ್ಲಿಗೆ?"

"ಕಲ್ಲಿನ ಹತ್ರ ಕೂತು ಎಳ್ಕೊಂಡ್ ಬರ್ತೀನಿ ಅತ್ತಮ್ಮ."

"ಆಚೆ ಬಿಸಿಲು ಉರೀತೈತೆ. ಇಲ್ಲೇ ಕೂತ್ಕೋ."

ಶ್ಯಾಮಲ ತಟ್ಟೆಗಳ ಕಡೆ ನೋಡಿದಳು. ನಲವತ್ತು ತಟ್ಟೆ. ಅತ್ತೆಯ ಕಡೆ ನೋಡಿದಳು.

ಮುನಿಗಂಗಮ್ಮ ಅಟ್ಟಣೆಯ ಪಕ್ಕಕ್ಕೆ ಮಣೆ ಹಾಕಿ, ಸೊಸೆಯ ರಟ್ಟೆ ಹಿಡಿದು ಕೂರಿಸಿದಳು. ತಾನೂ ಎದುರಿಗೆ, ತಟ್ಟೆಗಳಿಗೆ ಬೆನ್ನು ಹಾಕಿ ಕೂತಳು. ಶ್ಯಾಮಲ ಪಂಪನ್ನು ಕುಲುಕಿ, ಉಸಿರು ಬಿಟ್ಟು, ಒತ್ತಿ ಎಳೆದುಕೊಂಡಳು.

"ಒಕಟಿ," ಎಂದಳು ಮುನಿಗಂಗಮ್ಮ. ಅವಳಿಗೆ ಲೆಕ್ಕ ಬರುತ್ತಿದ್ದುದು ತಾಯಿ ಕಲಿಸಿದ ತೆಲುಗಿನಲ್ಲೇ. "ರೆಂಡು. ಮೂಡು." ಆರರ ಹೊತ್ತಿಗೆ ಶ್ಯಾಮಲಳ ಕಣ್ಣಲ್ಲಿ ನೀರಾಡಿತು. ಮುನಿಗಂಗಮ್ಮ ಅವಳ ಮೊಣಕಾಲು ಒತ್ತಿ ಹಿಡಿದಳು. "ಏಡು. ಎನಿಮಿದಿ. ತೊಮ್ಮಿದಿ."

"ಪದಿ."

ಶ್ಯಾಮಲ ಬಾಯಿ ತೆರೆದು ಉಸಿರು ಬಿಟ್ಟಳು. ಹತ್ತಿರದ ತಟ್ಟೆಯ ಅಂಚಿನಲ್ಲಿ, ಆಗಷ್ಟೇ ಹಾಕಿದ್ದ ಎಲೆಯೊಂದು ಸಣ್ಣಗೆ ಅಲುಗಿತು.