ಹಂಡೆಯ ಗುಡುಗು

'ಡಣ್.'

ತೂಕಡಿಸುತ್ತಿದ್ದ ಗಂಗಾಂಬಿಕೆ ತಲೆ ಎತ್ತಿದಳು. ರಾತ್ರಿ ಎರಡು ದಾಟಿತ್ತು. ನಡುಮನೆಯಲ್ಲಿ ತೀರಿಕೊಂಡ ಅತ್ತೆ ಸಿದ್ದಗಂಗಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಭಜನೆಯವರು ಟೀ ಕುಡಿಯಲು ಎದ್ದು ಹೋಗಿದ್ದರು. ಸದ್ದು ಬಂದದ್ದು ಬಚ್ಚಲುಮನೆಯಿಂದ. ಮತ್ತೊಮ್ಮೆ 'ಡಣ್', ಬೆರಳ ಗೆಣ್ಣಿನಿಂದ ತಾಮ್ರವನ್ನು ತಟ್ಟಿದ ಹಾಗೆ, ಮೆಲ್ಲಗೆ.

ಲಾಟೀನು ಹಿಡಿದು ಹೋದಳು. ಬಚ್ಚಲಲ್ಲಿ ಯಾರೂ ಇರಲಿಲ್ಲ. ಪಕ್ಕದ ಸೌದೆಕೋಣೆಯಲ್ಲಿ ಅತ್ತೆಯ ಅಣಬೆ ಚೀಲಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನು ಮುಟ್ಟಿದಳು. ಒದ್ದೆ. ಕಿಟಕಿಗೆ ಕಟ್ಟಿದ್ದ ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳಿಗೆ ಭಯವಾಯಿತು. ಅತ್ತೆ ಒಂಬತ್ತು ದಿನ ತುಮಕೂರಿನ ಆಸ್ಪತ್ರೆಯಲ್ಲಿದ್ದರು, ಜೊತೆಗಿದ್ದವಳು ಅವಳೇ. ದಿನಕ್ಕೆರಡು ಸಲ ನೀರು ಕಾಣದಿದ್ದರೆ ಅಣಬೆ ಮೊಗ್ಗಿನಲ್ಲೇ ಮುರುಟಿಹೋಗುತ್ತದೆ. ಇಲ್ಲಿ ನೋಡಿದರೆ ಚೀಲದ ತೂತು ತೂತಿನಿಂದಲೂ ಬಿಳಿ ಚಿಪ್ಪುಗಳು ಇಣುಕುತ್ತಿದ್ದವು.

*

ಎಪ್ಪತ್ತೆಂಟರಲ್ಲಿ, ಗಂಗಾಂಬಿಕೆ ಮದುವೆಯಾಗಿ ಗುಬ್ಬಿಗೆ ಬಂದ ವರ್ಷ, ಸಿದ್ದಗಂಗಮ್ಮ ತುಮಕೂರಿನಲ್ಲಿ ಮೂರು ದಿನದ ತರಬೇತಿಗೆ ಹೋಗಿ ಎರಡು ಬಾಟಲಿ ಅಣಬೆ ಬೀಜ ತಂದರು. ಬಾಟಲಿಯೊಳಗೆ ಜೋಳದ ಕಾಳಿಗೆ ಬೂಷ್ಟು ಹಿಡಿದಂತಿತ್ತು. ಸ್ನಾನದ ಹಂಡೆಯಲ್ಲೇ ಭತ್ತದ ಹುಲ್ಲು ಬೇಯಿಸಿ, ಪ್ಲಾಸ್ಟಿಕ್ ಚೀಲಕ್ಕೆ ಒಂದು ವರಸೆ ಹುಲ್ಲು, ಒಂದು ವರಸೆ ಬೀಜ ತುಂಬಿ, ಸೌದೆಕೋಣೆಯಲ್ಲಿ ತೂಗುಹಾಕಿದರು. ಸೊಳ್ಳೆ ಔಷಧಿ ಹೊಡೆಯುವಂಥ ಹೊಸ ಫ್ಲಿಟ್ ಪಂಪಿನಲ್ಲಿ ಬರೀ ನೀರು ತುಂಬಿಸಿ ಹೊಡೆದರು. ಇಪ್ಪತ್ತು ದಿನವಾದರೂ ಏನೂ ಏಳಲಿಲ್ಲ.

ತಾಲ್ಲೂಕು ಕಚೇರಿಯಿಂದ ಆಗಷ್ಟೇ ನಿವೃತ್ತರಾಗಿದ್ದ ಮಾವ ಏಕಾಂತಯ್ಯನವರು ಜಗಲಿಯಲ್ಲಿ ಪೇಪರು ಮಡಿಸಿ ನಕ್ಕರು. "ಗುಡುಗಿದ್ರೆ ಅಣಬೆ ಏಳೋದು ಕಣೇ. ಮನೆ ಒಳಕ್ಕೆ ಗುಡುಗು ಎಲ್ಲಿಂದ ತರ್ತೀಯ?"

ಸಿದ್ದಗಂಗಮ್ಮ ಸೌಟು ತೆಗೆದುಕೊಂಡು ಬಚ್ಚಲಿಗೆ ನಡೆದರು. ಹಂಡೆಗೆ ಮೂರೇಟು. ಬೀದಿಗೆಲ್ಲ ಕೇಳಿಸಿತು.

"ತಗೊಳ್ಳಿ ಗುಡುಗು!"

ನಾಲ್ಕನೆಯ ದಿನ ಅಣಬೆ ಎದ್ದಿತು. ತರಬೇತಿಯ ಪುಸ್ತಕದಲ್ಲಿ ಗುಡುಗಿನ ಮಾತೇ ಇರಲಿಲ್ಲ. ಆದರೂ ಅಂದಿನಿಂದ ದಿನಾ ಬೆಳಿಗ್ಗೆ ನೀರು ಹೊಡೆದ ಮೇಲೆ ಮೂರು ಗುಡುಗು, ಜಗಲಿಗೆ ಕೇಳಿಸುವಷ್ಟು ಜೋರಾಗಿ.

ಬೇಯಿಸುವುದನ್ನು ಕಲಿಸಿದವಳು ಎದುರುಮನೆಯ ಕದರಮ್ಮ. "ಕುಯ್ಯಬ್ಯಾಡ ಕಣವ್ವ, ಕೈಯಾಗೆ ಸಿಗಿ. ಮೆಣಸು, ಬೆಳ್ಳುಳ್ಳಿ ಮುಂದಾಗಿರ್ಲಿ." ಅಣಬೆಗೆ ಬೇರೆ ಒಲೆ, ಬೇರೆ ಪಾತ್ರೆ ಎಂದು ಏಕಾಂತಯ್ಯನವರು ಕಟ್ಟಳೆ ಹಾಕಿದರು. ಬೇರೆ ಅಂದಮೇಲೆ ಬೇರೆಯೇ ಆಗಲಿ ಎಂದು ಸಿದ್ದಗಂಗಮ್ಮ ಮುಂದಿನ ಅಂಗಳದಲ್ಲೇ ಒಲೆ ಹೂಡಿದರು. ಕಾಯಿ ಹುರಿದು ರುಬ್ಬಿದ ಸಾರಿನ ಘಮ ಬೀದಿ ಹಿಡಿಯಿತು.

"ಮಾಂಸದಂಗೆ ವಾಸನೆ, ಲಿಂಗಧಾರಿಗಳ ಮನೇಲಿ," ಎಂದಳು ಹೋಗುತ್ತಿದ್ದ ಒಬ್ಬಳು.

"ಹುಲ್ಲು ತಿಂದು ಬೆಳೆಯೋದು ಕಣೇ, ನಿಮ್ಮನೆ ಹಸು ಥರಾನೇ," ಎಂದು ಸಿದ್ದಗಂಗಮ್ಮ ಒಲೆಯ ಮುಂದೆಯೇ ಕೂತು ಮುದ್ದೆ ಮುರಿದರು.

*

ಬೆಳಿಗ್ಗೆ ಮೊದಲ ಬಸ್ಸಿಗೆ ಏಕಾಂತಯ್ಯನವರ ಅಣ್ಣ ಮಹಾಲಿಂಗಯ್ಯ ಕುಣಿಗಲ್ಲಿನಿಂದ ಬಂದರು. ಗಂಗಾಂಬಿಕೆಯ ಗಂಡ ಗುಣಿ ತೋಡಿಸಲು ಹೋಗಿದ್ದ. ಅಂಗಳದಲ್ಲಿ ಶವ ಹೊರುವ ವಿಮಾನಕ್ಕೆ ಬಾಳೆದಿಂಡು ಕಟ್ಟುತ್ತಿದ್ದರು.

"ಕ್ರಿಯೆ ಮಾಡ್ಸೋ ಅಯ್ಯನೋರು ಬರೋ ಹೊತ್ತಾಯ್ತು. ಆ ಕೋಣೇಲಿರೋ ನಾಯಿಕೊಡೇನೆಲ್ಲ ಮೊದಲು ತಿಪ್ಪೆಗೆ ಹಾಕ್ಸಿ," ಎಂದರು ಮಹಾಲಿಂಗಯ್ಯ.

ಕದರಮ್ಮ ಹೂವು ಕಟ್ಟುತ್ತಲೇ ಬಾಯಿ ಹಾಕಿದಳು. "ನಾಯಿಕೊಡೆ ಆಗಿದ್ರೆ ನಾನು ಎಂಟು ವರ್ಸದ ಹಿಂದೇನೇ ಚಟ್ಟ ಏರ್ತಿದ್ದೆ ಬುಡಿ ಯಜಮಾನ್ರೇ."

"ನಿನ್ನ ಕೇಳಿದ್ನೇನಮ್ಮ? ಏಕಾಂತ, ನೀನಾದ್ರೂ ಹೇಳೋ."

ಏಕಾಂತಯ್ಯನವರು ಹೆಂಡತಿಯ ಪಕ್ಕದಲ್ಲಿ ಕೂತಿದ್ದರು. ಮುಖ ಎತ್ತಲಿಲ್ಲ. "ನಾನು ಆ ಕೋಣೆಗೆ ಕಾಲಿಟ್ಟೋನಲ್ಲ ಅಣ್ಣ. ಊರಿಗೇ ಗೊತ್ತು."

"ಹಂಗಾದ್ರೆ ನಾನೇ ಹಾಕ್ಸ್ತೀನಿ."

ಆಡುವ ಮೊದಲು ಮಾತನ್ನು ಎರಡು ಸಲ ತೂಗುವ ಗಂಗಾಂಬಿಕೆ ಅಂದು ತೂಗಲಿಲ್ಲ. ಓಡಿಹೋಗಿ ಸೌದೆಕೋಣೆಗೆ ಬೀಗ ಜಡಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನಾಳೆ ಕೊಯ್ಲು, ದೊಡ್ಡಮಾವ. ಇದು ಅತ್ತೆ ಹಾಕಿದ ಬೆಳೆ."

"ಅಯ್ಯನೋರು ಒಳಕ್ಕೆ ಬರಲ್ಲ ಅಂದ್ರೆ ಏನ್ ಮಾಡ್ತೀಯಮ್ಮ?"

"ಅತ್ತೇನೇ ಅಂಗಳಕ್ಕೆ ಕರ್ಕೊಂಡು ಬರ್ತೀವಿ. ಬೀಗ ಮಾತ್ರ ತೆಗೆಯಲ್ಲ."

ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕದರಮ್ಮ ಹೂವು ಕಟ್ಟುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಏಕಾಂತಯ್ಯನವರೂ ಈಗ ಮುಖ ಎತ್ತಿದ್ದರು.

ಅಯ್ಯನವರು ಬಂದರು, ನೇರ ಒಳಕ್ಕೆ ಹೋದರು. ಕೋಣೆಯ ಮಾತು ಕೇಳಲಿಲ್ಲ. ವಾಪಸು ಹೋಗಲು ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.

*

ಮಣ್ಣು ಮುಗಿಸಿ ಬಂದಾಗ ಸಂಜೆ ನಾಲ್ಕಾಗಿತ್ತು. ಗಂಡಸರು ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದರು. ಗಂಗಾಂಬಿಕೆ ಬಿಂದಿಗೆ ತರಲು ಬಚ್ಚಲಿಗೆ ಹೋದಳು.

ಬೀಗ ಹಾಕಿದ ಸೌದೆಕೋಣೆಯ ಬಾಗಿಲ ಮುಂದೆ ಏಕಾಂತಯ್ಯನವರು ಒದ್ದೆ ಪಂಚೆಯಲ್ಲಿ ನಿಂತಿದ್ದರು. ಕೈಯಲ್ಲಿ ಫ್ಲಿಟ್ ಪಂಪು ಇತ್ತು. ಬಚ್ಚಿಡಲು ನೋಡಿದರು, ಬಚ್ಚಿಡುವಷ್ಟು ಸಣ್ಣದಲ್ಲ ಅದು.

"ಬಿಸಿಲು ಜಾಸ್ತಿ ಇತ್ತು ಇವತ್ತು," ಎಂದರು. "ಬಾಡ್ಬಿಟ್ರೆ ನಿಮ್ಮತ್ತೆ ಬೈತಾಳೆ."

ಅವಳು ಸೊಂಟದಿಂದ ಕೀಲಿಕೈ ತೆಗೆದು ಕೊಟ್ಟಳು. ಅವರು ಒಳಗೆ ಹೋದರು. ಪಂಪಿನ ಸುಯ್ ಸುಯ್ ಕೇಳಿಸಿತು. ಆ ಕೈಗೆ ಕೆಲಸ ಚೆನ್ನಾಗಿ ರೂಢಿಯಾಗಿತ್ತು. ಹೊರಗೆ ಬಂದು, ಅವಳ ಮುಖ ನೋಡದೆ, ಬೆರಳು ಮಡಚಿ ಹಂಡೆಗೆ ಬಡಿದರು.

ಡಣ್.

"ಏನಮ್ಮ ಅದು ಸದ್ದು?" ಜಗಲಿಯಿಂದ ಮಹಾಲಿಂಗಯ್ಯ ಕೂಗಿದರು.

ಗಂಗಾಂಬಿಕೆ ಹೊರಗೆ ಬಂದು ಬಚ್ಚಲುಮನೆಯ ಬಾಗಿಲನ್ನು ಎಳೆದುಕೊಂಡಳು. ಗಂಡನಿಗೂ ಹೇಳಬಾರದು. ಕದರಮ್ಮನಿಗಂತೂ ಹೇಳಲೇಬಾರದು.

"ಗುಡುಗು, ದೊಡ್ಡಮಾವ."

ಮಹಾಲಿಂಗಯ್ಯ ಅಂಗಳಕ್ಕಿಳಿದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಫೆಬ್ರವರಿಯ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಒಳಗೆ ಇನ್ನೊಮ್ಮೆ ಗುಡುಗಿತು, ಈ ಸಲ ಬೀದಿಗೆ ಕೇಳಿಸುವಷ್ಟು ಜೋರಾಗಿ.